ಶನಿವಾರದ ಸಾಕ್ಷಿ

ರೈಲ್ವೆ ಕ್ವಾರ್ಟರ್ಸ್, ಅರಸೀಕೆರೆ
೯ ಜೂನ್ ೧೯೫೯

ಪ್ರಿಯ ಭಾಷ್ಯಂ,

ಬೇಲೂರು ಸೇರಿದ ಮೇಲೆ ನೀನೂ ಅಲ್ಲಿಯ ಗುಡಿಯ ಗೋಡೆಯಲ್ಲಿ ಒಂದು ವಿಗ್ರಹವಾಗಿ ನಿಂತುಬಿಟ್ಟೆಯೋ ಏನೋ. ಯುಗಾದಿಗೆ ಒಂದು ಕಾಗದ ಹಾಕಿದೆ, ಆಮೇಲೆ ಇನ್ನೊಂದು. ಉತ್ತರವಿಲ್ಲ. ರೈಲ್ವೆ ನೌಕರಿ ಬಿಟ್ಟವನಿಗೆ ಒಂದು ಕಾರ್ಡು ಕೊಳ್ಳುವುದೂ ಕಷ್ಟವಾಗಿದೆ ಎಂದು ಇಲ್ಲಿ ಎಲ್ಲರ ಮುಂದೆ ನಿನ್ನ ಮಾನ ಹರಾಜು ಹಾಕುತ್ತಿದ್ದೇನೆ. ನಿನ್ನ ಅಣ್ಣ ಅನಂತಸ್ವಾಮಿಯವರು ತೀರಿಕೊಂಡರು, ದೇವಸ್ಥಾನದಲ್ಲಿ ಪಾಶುರ ಹೇಳುವ ಸಾಲಿನಲ್ಲಿ ಮನೆತನದ ಜಾಗ ಖಾಲಿ ಬಿಡಬಾರದು, ಎಲ್ಲ ಸರಿ. ಆದರೆ ದೇವರಿಗೆ ಹೇಳಿ ಉಳಿದ ಬಾಯಲ್ಲಿ ಸ್ನೇಹಿತನಿಗೂ ಎರಡು ಮಾತು ಹೇಳಬಹುದು.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ನಮ್ಮ ಹಳೆಯ ಸ್ಟೇಷನ್ ಮಾಸ್ತರರು ಮೇ ತಿಂಗಳಲ್ಲಿ ನಿವೃತ್ತರಾದರು. ನೀನು ಹೋದ ಮೇಲೂ ಅವರು ಹೇಗೋ ಹೊಂದಿಸಿ ನನಗೆ ಶನಿವಾರ ಬಿಡಿಸಿಕೊಡುತ್ತಿದ್ದರು. ಅವರ ಜಾಗಕ್ಕೆ ತಿಪಟೂರಿನ ಕಡೆಯ ಮರುಳಪ್ಪ ಎಂಬುವರು ಬಂದಿದ್ದಾರೆ. ಕೆಟ್ಟವರಲ್ಲ, ಆದರೆ ಎಲ್ಲವೂ ಕಾಗದದ ಮೇಲೆ ಇರಬೇಕು. ಡ್ಯೂಟಿ ಚಾರ್ಟು ನೋಡಿ ನನ್ನನ್ನು ಕರೆದರು.

"ಏನ್ರೀ ಪೇಣ್ಕರ್, ಶನಿವಾರ ಬಂತು ಅಂದ್ರೆ ನೀವೇ ಇರಲ್ವಲ್ಲ. ಏನು ಅಂಥಾ ಕೆಲ್ಸ?"

ನಮ್ಮ ಮತದಲ್ಲಿ ಅದು ದೇವರ ದಿನ ಎಂದೆ.

"ಕಿರಿಸ್ತಾನರಿಗೆ ಭಾನುವಾರ ಅಲ್ವೇನ್ರೀ?"

ನಾವು ಕ್ರೈಸ್ತರಲ್ಲ, ಯೆಹೂದ್ಯರು ಎಂದೆ. ಈ ಊರಲ್ಲಿ ಎಷ್ಟು ಮಂದಿ ಇದ್ದೀರಿ ಎಂದರು. ನಾನೊಬ್ಬನೇ ಎಂದೆ. ಅದಕ್ಕೆ ಅವರು, "ಒಬ್ರಿಗೆ ಒಂದು ಮತ ಅಂತ ಇಲಾಖೆಗೆ ಹೆಂಗ್ರೀ ಬರೀಲಿ? ನಿಮ್ಮ ಪೂಜಾರಿ ಕೈಲಿ ಬರೆಸ್ಕೊಂಡು ಬನ್ನಿ" ಎಂದರು. ನಮ್ಮ ಪೂಜಾರಿಗಳು ಮುಂಬಯಿಗಿಂತ ಈಚೆ ಇಲ್ಲ, ಅಲ್ಲಿಯವರಿಗೆ ನನ್ನ ಗುರುತಿಲ್ಲ. ಹಾಗಾದರೆ ನನ್ನನ್ನು ಬಲ್ಲ ದೊಡ್ಡ ಮನುಷ್ಯರು ಯಾರಾದರೂ ಬರೆದುಕೊಟ್ಟರೆ ಸಾಕು ಎಂದರು. ನಿನ್ನ ಹೆಸರು ಹೇಳಿದೆ. ಬೇಲೂರು ದೇವಸ್ಥಾನದವರು ಎಂದ ಕೂಡಲೇ ಅವರ ಮುಖ ಸಡಿಲವಾಯಿತು.

ನೀನು ಬರೆಯಬೇಕಾದದ್ದು ಇಷ್ಟು. ಸ್ವಾತಂತ್ರ್ಯ ಬಂದ ವರ್ಷದಿಂದ ನನ್ನ ಶನಿವಾರದ ಕೆಲಸ ನೀನು ಮಾಡಿದೆ, ನಿನ್ನ ಏಕಾದಶಿಗಳ ಕೆಲಸ ನಾನು ಮಾಡಿದೆ. ಶನಿವಾರ ನಾನು ಇಡೀ ದಿನ ಪ್ರಾರ್ಥನೆಯಲ್ಲಿರುತ್ತೇನೆ ಎಂದು ನೀನು ಬಲ್ಲೆ. ಕೆಳಗೆ ನಿನ್ನ ರುಜು. ನಿನ್ನ ಕಿಟಕಿಗೆ ಬಂದಿರುವ ಹೊಸ ಗುಮಾಸ್ತ ಇಂದುಧರ ನನ್ನೊಡನೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾನೆ. ಅವನಿಗೆ ಸೋಮವಾರ ಮಠಕ್ಕೆ ಹೋಗಬೇಕಂತೆ. ನಿನ್ನ ಕಾಗದ ಬಂದರೆ ಎಲ್ಲ ಸರಿಹೋಗುತ್ತದೆ, ಬರದಿದ್ದರೆ ನನ್ನ ಶನಿವಾರ ಹೋದಂತೆಯೇ.

ಕೋಮಲವಲ್ಲಿಯವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಹಾಯಂ ಪೇಣ್ಕರ್


ಬೇಲೂರು
೨೨ ಜೂನ್ ೧೯೫೯

ಶ್ರೀಮಾನ್ ಪೇಣ್ಕರ್ ಅವರಿಗೆ,

ತಮ್ಮ ಮೂರು ಕಾಗದಗಳೂ ತಲುಪಿವೆ. ತಾವು ಕೇಳಿದ ಪತ್ರವನ್ನು ನಾನು ಬರೆದುಕೊಡಲಾರೆ. ಕಾರಣ ಹೇಳದೆ ಇರುವುದು ಸರಿಯಲ್ಲವಾದ್ದರಿಂದ ಹೇಳುತ್ತೇನೆ.

ಮಾರ್ಚಿಯಲ್ಲಿ ಒಂದು ಶನಿವಾರ ಹಸು ನೋಡಲು ಮಾದಿಹಳ್ಳಿಗೆ ಹೊರಟಿದ್ದೆ. ಬಸ್ಸು ಹಳೇಬೀಡಿನಲ್ಲಿ ಕೆಟ್ಟು ನಿಂತಿತು. ಕಾಲಾಡಿಸೋಣವೆಂದು ಕೆರೆಯ ಕಡೆ ನಡೆದೆ. ಏರಿಯ ಮೇಲೆ, ಮರದ ನೆರಳಿನಲ್ಲಿ ತಾವು ಕೂತಿದ್ದಿರಿ. ಚಪ್ಪಲಿ ಒಂದು ಕಡೆ, ಟೋಪಿ ಒಂದು ಕಡೆ. ಕೈಯಲ್ಲಿ ಪುಸ್ತಕವಿಲ್ಲ, ಜಪಮಣಿಯಿಲ್ಲ. ತುಟಿಯೂ ಅಲ್ಲಾಡುತ್ತಿರಲಿಲ್ಲ. ನಾನು ಹುಣಿಸೆಮರದ ಹಿಂದೆ ನಿಂತು ಬಸ್ಸು ರಿಪೇರಿಯಾಗುವವರೆಗೆ ನೋಡಿದೆ. ಹಾಗೆ ಕದ್ದು ನೋಡಿದ್ದು ತಪ್ಪು, ಆದರೆ ನೋಡಿದ್ದು ನಿಜ. ಅಷ್ಟು ಹೊತ್ತೂ ತಾವು ಏನೂ ಮಾಡಲಿಲ್ಲ. ಮೀನುಗಳಿಗೆ ನಾಲ್ಕು ಕಾಳು ಪುರಿಯನ್ನು ಸಹ ಎಸೆಯಲಿಲ್ಲ.

ಶ್ರಾವಣ ಶನಿವಾರ ನಮ್ಮ ಮನೆಗೆ ಎಂಥ ದಿನವೆಂದು ತಮಗೆ ತಿಳಿದಿದೆ. ನಮ್ಮ ತಾಯಿ ಶ್ರೀರಂಗಮ್ಮನವರು ಬದುಕಿದ್ದ ತನಕ, "ಇವತ್ತೂ ಹೋಗಿ ಟಿಕೀಟು ಕೊಡಬೇಕೇನೋ?" ಎಂದು ಕೇಳುತ್ತಿದ್ದರು. "ಅಮ್ಮ, ಅಲ್ಲೊಬ್ಬ ಬಾಗಿಲು ಹಾಕಿಕೊಂಡು ದೇವರ ಮುಂದೆ ಕೂತಿದ್ದಾನೆ. ಅವನ ಪೂಜೆ ನನ್ನಿಂದ ನಿಂತರೆ ಆ ಪಾಪ ನನಗೆ" ಎನ್ನುತ್ತಿದ್ದೆ. ನಾನು ನನ್ನ ದೇವರನ್ನು ಮನೆಯಲ್ಲಿ ಕಾಯಿಸಿ ಕಡೂರಿಗೂ ಬೀರೂರಿಗೂ ಟಿಕೀಟು ಕೊಟ್ಟದ್ದು ತಾವು ಕೆರೆ ಏರಿಯ ಮೇಲೆ ಗಾಳಿ ತೆಗೆದುಕೊಳ್ಳಲಿ ಎಂದಲ್ಲ.

ಇಡೀ ದಿನ ಪ್ರಾರ್ಥನೆಯಲ್ಲಿರುತ್ತಾರೆ ಎಂದು ಬರೆಯಿರಿ ಎನ್ನುತ್ತೀರಿ. ಪೆರುಮಾಳಿನ ಮುಂದೆ ನಿಲ್ಲುವ ನಾನು ಕಂಡೂ ಕಂಡೂ ಸುಳ್ಳಿಗೆ ರುಜು ಹಾಕಲಾರೆ. ಕ್ಷಮಿಸಬೇಕು.

ಇತಿ,
ಭಾಷ್ಯಂ


ಅರಸೀಕೆರೆ
೨೯ ಜೂನ್ ೧೯೫೯

ಭಾಷ್ಯಂ,

ನಿನ್ನ 'ತಾವು' 'ತಮಗೆ' ಎಲ್ಲ ಬಂದು ಸೇರಿತು. ಮೊದಲು ಅದನ್ನು ವಾಪಸು ಕಳಿಸುತ್ತಿದ್ದೇನೆ, ನನಗೆ ಆ ಅಳತೆಯ ಅಂಗಿ ಆಗುವುದಿಲ್ಲ.

ಹೌದು, ಅದು ನಾನೇ. ಹೌದು, ಏನೂ ಮಾಡುತ್ತಿರಲಿಲ್ಲ. ಆ ಒಂದು ಶನಿವಾರ ಮಾತ್ರ ಅಲ್ಲ, ಎಲ್ಲ ಶನಿವಾರವೂ ನಾನು ಮಾಡುವುದು ಅದನ್ನೇ.

ನಮ್ಮ ಹಿರಿಯರು ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದವರು. ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಷಾಪಿಗೆ ಬರುವವರೆಗೆ ನಮ್ಮವರ ಕಸುಬೇ ಎಣ್ಣೆ. ಅಲ್ಲಿಯ ಜನ ನಮ್ಮನ್ನು ಶನಿವಾರದ ಗಾಣಿಗರು ಎಂದು ಕರೆಯುತ್ತಿದ್ದರು, ಯಾಕೆಂದರೆ ಶನಿವಾರ ನಮ್ಮ ಗಾಣ ತಿರುಗುತ್ತಿರಲಿಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದಳು: ಹಡಗು ಒಡೆದು ಆ ದಡ ಸೇರಿದವರು ನಾವು, ಗ್ರಂಥ ನೀರುಪಾಲಾಯಿತು, ಭಾಷೆ ಮರೆತೆವು, ಮಂತ್ರ ಮರೆತೆವು. ಉಳಿದದ್ದು ದೇವರು ಒಬ್ಬನೇ ಎನ್ನುವ ಒಂದು ಸಾಲು. ಮತ್ತೆ ಶನಿವಾರ ಗಾಣ ನಿಲ್ಲಿಸುವುದು. ಆಮೇಲೆ ಬೇರೆ ಊರಿನಿಂದ ಬಲ್ಲವರು ಬಂದು ಉಳಿದದ್ದನ್ನು ಕಲಿಸಿದರಂತೆ. ಮುಂಬಯಿಯಲ್ಲಿರುವ ನಮ್ಮವರಿಗೆ ಎಲ್ಲ ಬರುತ್ತದೆ. ಹುಬ್ಬಳ್ಳಿಯಲ್ಲಿ ಬೆಳೆದು ಅರಸೀಕೆರೆಗೆ ಬಂದ ನನಗೆ ಕಲಿಸುವವರು ಯಾರು? ನನಗೆ ಇವತ್ತಿಗೂ ಬರುವುದು ಆ ಒಂದೇ ಸಾಲು.

ಇನ್ನೆಲ್ಲ ಗೊತ್ತಿದ್ದದ್ದು ನನ್ನ ಹೆಂಡತಿ ರಿಬ್ಕಾಗೆ. ಅವಳು ಶುಕ್ರವಾರ ಹೊತ್ತು ಮುಳುಗುವ ಮುಂಚೆ ಒಲೆ ಆರಿಸಿ, ಗಾಜಿನ ಲೋಟದಲ್ಲಿ ನೀರಿನ ಮೇಲೆ ಎಣ್ಣೆ ಹಾಕಿ ಬತ್ತಿ ತೇಲಿಬಿಡುತ್ತಿದ್ದಳು. ಅದು ಹತ್ತಿಕೊಂಡಿತು ಎಂದರೆ ಮುಗಿಯಿತು. ಬೆಂಕಿ ಮುಟ್ಟುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ, ಗಾಡಿ ಹತ್ತುವಂತಿಲ್ಲ. ಮಾಡಬೇಕಾದದ್ದು ಏನು ಎಂದು ಕೇಳಿದರೆ ಇರಬೇಕು ಎನ್ನುತ್ತಿದ್ದಳು. ಅವಳು ಹೋದ ಮೇಲೆ ದೀಪ ನಾನೇ ಹಚ್ಚಿದೆ. ಆದರೆ ಆ ಅಡಿಗೆಮನೆಯಲ್ಲಿ ಶುಕ್ರವಾರದ ಅಡಿಗೆಯ ವಾಸನೆ ಇಲ್ಲದೆ ಕೂರುವುದಕ್ಕೆ ನನ್ನಿಂದ ಆಗುತ್ತಿರಲಿಲ್ಲ. ಮೇಲಾಗಿ ಕ್ವಾರ್ಟರ್ಸಿನಲ್ಲಿ ಪಾರ್ಸಲ್ಲು ಬಂತೇ, ಗಾಡಿ ಎಷ್ಟು ಲೇಟು ಎಂದು ಬಾಗಿಲು ಬಡಿಯುತ್ತಲೇ ಇರುತ್ತಾರೆ. ಹಳೇಬೀಡಿನ ಕೊಬ್ಬರಿ ವ್ಯಾಪಾರಿ ದೇವೀರಪ್ಪನವರು ನಿನಗೆ ಗೊತ್ತಲ್ಲ. ಅವರ ಜಗಲಿಯಲ್ಲಿ ಜಾಗ ಕೊಟ್ಟರು. ಶುಕ್ರವಾರದ ಬಸ್ಸಿಗೆ ಹೋಗಿ ಅಲ್ಲೇ ದೀಪ ಹಚ್ಚಿ, ಶನಿವಾರ ಕೆರೆ ಏರಿಯ ಮೇಲೆ ಕೂತು, ಭಾನುವಾರದ ಬಸ್ಸಿಗೆ ಬರುತ್ತಿದ್ದೆ.

ಮೊದಲ ಸಲ ನೀನು, "ಏನಯ್ಯಾ, ಮನೆಯಲ್ಲಿ ಪೂಜೆಯೇ?" ಎಂದು ಕೇಳಿದಾಗ ನಾನು ಹೂಂ ಎಂದೆ. ಏನೂ ಮಾಡದೆ ಕೂರುವುದಕ್ಕೆ ರಜ ಬೇಕು ಎಂದಿದ್ದರೆ ನೀನು ಕೊಡುತ್ತಿದ್ದೆಯಾ? ಎದೆ ಮುಟ್ಟಿಕೊಂಡು ಹೇಳು.

ಮೊನ್ನೆ ಶನಿವಾರ ಕೆಲಸಕ್ಕೆ ಹೋದೆ. ಪ್ರತಿ ಟಿಕೀಟಿನ ಮೇಲೂ ಆ ದಿನದ ತಾರೀಖು ಒತ್ತಿ ಒತ್ತಿ ಕೊಟ್ಟೆ. ನಿನ್ನ ಮನಸ್ಸಿಗೆ ಈಗ ಸಮಾಧಾನವಾಗಿರಬಹುದು. ಕಾಗದ ಬರೆಯಬೇಡ.

ಹಾಯಂ


ಬೇಲೂರು
೨೦ ಜುಲೈ ೧೯೫೯

ಪೇಣ್ಕರ್ ಅಣ್ಣನವರಿಗೆ ಕೋಮಲವಲ್ಲಿ ಮಾಡುವ ನಮಸ್ಕಾರಗಳು.

ನಾನು ಕಾಗದ ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಗೊತ್ತಾದರೂ ಬೈಯಲಾರರು, ಅದರ ಕಾರಣ ಮುಂದೆ ಬರೆಯುತ್ತೇನೆ.

ನಿಮ್ಮ ಕಾಗದವನ್ನು ಇವರು ನನ್ನ ಮುಂದೆ ಇಟ್ಟು ಓದು ಎಂದು ಸನ್ನೆ ಮಾಡಿದರು. ನಾನು ಇವರ ಪಕ್ಷ ವಹಿಸುತ್ತೇನೆ ಎಂದುಕೊಂಡಿದ್ದರು ಅಂತ ಕಾಣುತ್ತೆ. ನಾನು ಓದಿ ಮುಗಿಸಿ, ಒಂದು ದಿನ ಒಲೆ ಹಚ್ಚಲೇಬಾರದು ಅನ್ನುವ ಮತ ನಿಜವಾಗಿ ಉಂಟೇ, ಅದಕ್ಕೆ ಅರ್ಜಿ ಯಾರಿಗೆ ಹಾಕಬೇಕು ಅಂತ ಕೇಳಿದೆ. ಇವರಿಗೆ ಬಂದ ಕೋಪ ನೋಡಬೇಕಿತ್ತು. ಅಣ್ಣ, ನಮ್ಮಲ್ಲಿ ದೇವರಿಗೆ ಹಬ್ಬ ಬಂದರೆ ಹೆಂಗಸರಿಗೆ ಸೊಂಟ ಬೀಳುವ ದಿನ ಬಂತು ಅಂತ ಅರ್ಥ. ಮಡಿ, ರುಬ್ಬುವುದು, ಬಡಿಸುವುದು, ಎಂಜಲು ಬಳಿಯುವುದು. ರಿಬ್ಕಕ್ಕ ಶುಕ್ರವಾರ ಮಧ್ಯಾಹ್ನ ಗಾಳಿಗೆ ಸಿಕ್ಕಿದ ಹಾಗೆ ಓಡಾಡುತ್ತಿದ್ದರು. ಸಂಜೆ ತಲೆ ಬಾಚಿಕೊಂಡು ಮೆಟ್ಟಿಲ ಮೇಲೆ ಬಂದು ಕೂತರೆ ರಾಣಿಯ ಹಾಗೆ ಇರುತ್ತಿದ್ದರು. ಅದೇನು ಅಂತ ನನಗೆ ಆಗ ತಿಳಿದಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಪಟ್ಟಿದ್ದೆ.

ಈಗ ಮುಖ್ಯ ವಿಷಯ. ಏಪ್ರಿಲ್‌ನಿಂದಲೇ ಇವರ ಗಂಟಲು ಕೆಟ್ಟಿದೆ. ಪಾಶುರ ಹೇಳುವಾಗ ಸ್ವರ ಒಡೆಯುತ್ತಿತ್ತು, ಆಮೇಲೆ ಗಾಳಿ ಮಾತ್ರ ಬರಲಿಕ್ಕೆ ಶುರುವಾಯಿತು. ಹಾಸನದ ಡಾಕ್ಟರು ಒಳಗೆ ಗಂಟು ಇದೆ, ದೀಪಾವಳಿಯವರೆಗೆ ಪಿಸುಮಾತೂ ಆಡಕೂಡದು ಎಂದಿದ್ದಾರೆ. ಆಮೇಲೂ ಮೊದಲಿನ ಹಾಗೆ ಆಗುತ್ತೆ ಅಂತ ಹೇಳಲಿಲ್ಲ. ದೇವಸ್ಥಾನದಲ್ಲಿ ಇವರ ಜಾಗಕ್ಕೆ ನಮ್ಮ ಭಾವನವರ ಮಗ, ಇನ್ನೂ ಕಲಿಯುತ್ತಿರುವ ಸುಂದರರಾಜನೇ ನಿಲ್ಲುತ್ತಿದ್ದಾನೆ. ಇವರು ಸ್ಲೇಟು ಬಳಪ ಇಟ್ಟುಕೊಂಡು ಮನೆಯೊಳಗೆ ಇದ್ದಾರೆ. ಹುಳಿಗೆ ಉಪ್ಪು ಸಾಲದು ಅನ್ನುವುದನ್ನೂ ಬರೆದು ತೋರಿಸುತ್ತಾರೆ.

ಇದನ್ನು ನಿಮಗೆ ತಿಳಿಸಬೇಡ ಅಂತ ಸ್ಲೇಟಿನಲ್ಲಿ ಬರೆದು ಕೆಳಗೆ ಎರಡು ಗೀಟು ಹಾಕಿದ್ದರು. ನೀವು ಕೆರೆಯ ಹತ್ತಿರ ಕೂತದ್ದಕ್ಕೆ ಇವರಿಗೆ ಕೋಪವಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಇವರಿಗೆ ನಿಜ ಹೇಳಬೇಕು ಅಂತ ನಿಮಗೆ ಅನ್ನಿಸಲಿಲ್ಲವಲ್ಲ, ಅದಕ್ಕೆ ನೋವು. ನನಗೆ ತೋಚಿದ್ದು ಬರೆದಿದ್ದೇನೆ. ತಪ್ಪಿದ್ದರೆ ತಂಗಿ ಅಂತ ಮನ್ನಿಸಿ.

ಕೋಮಲವಲ್ಲಿ


ಬೇಲೂರು
೨೪ ಆಗಸ್ಟ್ ೧೯೫೯

ಹಾಯಂ,

ಕೋಮಲವಲ್ಲಿ ನಿನಗೆ ಬರೆದಳೆಂದು ನಿನ್ನ ಕಿತ್ತಳೆ ಹಣ್ಣಿನ ಬುಟ್ಟಿ ಬಂದ ಮೇಲೆ ಗೊತ್ತಾಯಿತು. ಕಾಗದವಿಲ್ಲದೆ ಬರೀ ಹಣ್ಣು ಕಳಿಸಿದ್ದೀಯೆ. ಕಾಗದ ಬರೆಯಬೇಡ ಎಂದು ನೀನು ಹೇಳಿದ್ದರೂ ಬರೆಯುತ್ತಿದ್ದೇನೆ. ಮಾತು ನಿಂತವನಿಗೆ ಬೇರೆ ದಾರಿಯಿಲ್ಲ.

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಕೊಡುತ್ತಿರಲಿಲ್ಲ. ಏನೂ ಮಾಡದೆ ಕೂರುವುದಕ್ಕೆಂದು ನನ್ನ ಶನಿವಾರವನ್ನು ನಿನಗೆ ಕೊಡುತ್ತಿರಲಿಲ್ಲ. ನಿನ್ನನ್ನು ಸ್ಟೇಷನ್ ತುಂಬ ಆಡಿಕೊಂಡು ನಗುತ್ತಿದ್ದೆ. ಹೂಂ ಎಂದದ್ದರಲ್ಲಿ ನಿನ್ನ ತಪ್ಪು ಎಷ್ಟೋ ನನ್ನದೂ ಅಷ್ಟೇ ಇದೆ.

ಮೊನ್ನೆಯೂ ಶ್ರಾವಣದ ಶನಿವಾರ. ನೌಕರಿ ಬಿಟ್ಟ ಮೇಲೆ ಬಂದ ಮೊದಲ ಶ್ರಾವಣ. ಹತ್ತು ವರ್ಷ ಆಸೆಪಟ್ಟ ದಿನ. ಎಲ್ಲರೂ ದೇವಸ್ಥಾನಕ್ಕೆ ಹೋದರು. ನಾನು ಹೋಗಲಿಲ್ಲ. ಹೋಗಿ ಏನು ಮಾಡಲಿ? ಏಳನೆಯ ವಯಸ್ಸಿನಿಂದ ಅಪ್ಪನ ಬೆತ್ತದ ಕೆಳಗೆ ಕಲಿತದ್ದೆಲ್ಲ ಎದೆಯಲ್ಲಿದೆ, ಒಂದು ಅಕ್ಷರ ಹೊರಗೆ ಬರುವುದಿಲ್ಲ. ಸಂಬಳ ಬಿಟ್ಟು ಬಂದದ್ದು ಈ ಬಾಯಿಗೋಸ್ಕರ. ನಾನು ದೇವರಿಗೆ ಕೊಡುತ್ತಿದ್ದದ್ದು ಅದೊಂದೇ. ಅದನ್ನೂ ಅವನು ತೆಗೆದುಕೊಂಡ ಮೇಲೆ ನನ್ನಿಂದ ಅವನಿಗೆ ಏನು ಆಗಬೇಕು? ಮನೆಯ ಒಳಗೆ ಕಂಬದ ಹಾಗೆ ಕೂತಿದ್ದೆ. ಕಂಬವಾದರೂ ಸೂರು ಹೊರುತ್ತದೆ.

ಆಗ ನೀನು ನೆನಪಿಗೆ ಬಂದೆ. ನೀನೂ ಏನೂ ಮಾಡದೆ ಕೂತಿದ್ದೆ, ನಾನೂ ಏನೂ ಮಾಡದೆ ಕೂತಿದ್ದೇನೆ. ಆದರೆ ಅಂದು ನಿನ್ನ ಮುಖ ಹೀಗಿರಲಿಲ್ಲ. ನನಗೆ ಕೋಪ ಬಂದದ್ದೂ ಅದಕ್ಕೇ ಇರಬೇಕು. ನೀನು ಕೂರುವುದಕ್ಕೂ ನಾನು ಕೂರುವುದಕ್ಕೂ ಏನು ವ್ಯತ್ಯಾಸ? ಇದನ್ನು ವಾದಕ್ಕೆ ಕೇಳುತ್ತಿಲ್ಲ. ಗೊತ್ತಿದ್ದರೆ ಹೇಳು.

ಭಾಷ್ಯಂ


ಅರಸೀಕೆರೆ
೭ ಸೆಪ್ಟೆಂಬರ್ ೧೯೫೯

ಪ್ರಿಯ ಭಾಷ್ಯಂ,

ನಿನ್ನ ಕಾಗದ ಬಂದು ಹತ್ತು ದಿನದ ಮೇಲಾಯಿತು. ಮೂರು ಸಲ ಬರೆದು ಹರಿದೆ. ನೀನು ಕೇಳಿದ್ದನ್ನು ಇಷ್ಟು ವರ್ಷ ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ಊಟ ಮಾಡುವವನನ್ನು ಹಸಿವು ಎಂದರೇನು ಎಂದು ಕೇಳಿದ ಹಾಗಾಯಿತು.

ಶನಿವಾರ ಹೋದ ಮೇಲೆ ನಾನು ಒಂದು ಜಾಣತನ ಮಾಡಿದೆ. ನನಗೆ ವಾರದ ರಜ ಮಂಗಳವಾರ ಬರುತ್ತದೆ. ದೇವರಿಗೆ ಯಾವ ದಿನವಾದರೇನು ಎಂದು ಸೋಮವಾರ ಸಂಜೆ ದೀಪ ಹಚ್ಚಿದೆ, ಒಲೆ ಆರಿಸಿದೆ, ನನ್ನ ಸಾಲು ಹೇಳಿದೆ, ಮಂಗಳವಾರ ಬೆಳಗ್ಗೆ ಹಿತ್ತಲಿನ ಬೇವಿನ ಮರದ ಕೆಳಗೆ ಹೋಗಿ ಕೂತೆ. ಹತ್ತು ನಿಮಿಷಕ್ಕೆ ಎದ್ದೆ. ಚಪ್ಪಲಿಯ ಉಂಗುಷ್ಠ ಕಿತ್ತಿದ್ದು ನೆನಪಾಯಿತು, ಹೊಲಿಸಲು ಹೋದೆ. ಬಟ್ಟೆ ಒಗೆದೆ. ಸಂಜೆ ಹೊತ್ತಿಗೆ ಎಲ್ಲ ಕೆಲಸ ಮುಗಿಸಿದ್ದೆ. ಮುಂದಿನ ವಾರವೂ ಹಾಗೇ ಆಯಿತು. ಬೇಡವೆನಿಸಿದರೆ ಬುಧವಾರಕ್ಕೆ ಹಾಕಿಕೊಳ್ಳಬಹುದಾದ ದಿನ ಅದು. ನಾನು ಆರಿಸಿಕೊಂಡ ದಿನ ನನ್ನ ಮಾತು ಕೇಳುತ್ತದೆ ಕಣೋ. ಶನಿವಾರ ಹಾಗಲ್ಲ. ನಾನು ಸಿದ್ಧನಾಗಿರಲಿ ಬಿಡಲಿ, ಶುಕ್ರವಾರ ಹೊತ್ತು ಮುಳುಗಿತು ಎಂದರೆ ಬಂದೇಬಿಡುತ್ತದೆ. ಅದು ಬಂದಾಗ ನಾನು ಎದ್ದು ಜಾಗ ಬಿಡಬೇಕು, ಅಷ್ಟೇ ನನ್ನ ಪಾಲಿನದು.

ನೀನು ಕೂರುವುದಕ್ಕೂ ನಾನು ಕೂರುವುದಕ್ಕೂ ಇರುವ ವ್ಯತ್ಯಾಸ ಇದು ಎಂದು ನನಗೆ ತೋರುತ್ತದೆ. ನಿನ್ನಿಂದ ಏನೋ ಆಗಬೇಕಿತ್ತು, ಆಗುತ್ತಿಲ್ಲ ಎಂದು ನೀನು ಕೂತಿದ್ದೀಯೆ. ನನ್ನಿಂದ ಏನೂ ಆಗಬೇಕಾಗಿಲ್ಲ ಎಂದು ನಾನು ಕೂರುತ್ತೇನೆ. ಆರು ದಿನ ನಾನು ಟಿಕೀಟು ಕೊಡುವವನು. ಕಿಟಕಿಯ ಆಚೆಯವರಿಗೆ ನನ್ನ ಕೈ ಬೇಕು, ನನ್ನ ಮುಖ ಬೇಡ. ಮನೆಯಲ್ಲಿ ಒಬ್ಬಳಿಗೆ ನಾನು ಬೇಕಾಗಿದ್ದೆ, ಅವಳು ಹೋದಳು. ಆ ಮೇಲೆ ಯಾರಿಗೆ ಬೇಕಾಗಿ ಇದ್ದೇನೆ ಎಂದು ಯೋಚಿಸಿ ಹುಚ್ಚು ಹಿಡಿಯುವುದರಲ್ಲಿತ್ತು. ಶನಿವಾರ ಆ ಪ್ರಶ್ನೆ ಕೇಳುವವರಿಲ್ಲ. ಯಾವ ಕೆಲಸಕ್ಕೂ ಬಾರದೆ ಇದ್ದರೂ ನಾನು ಇರಬಹುದು. ದೇವರೂ ಆರು ದಿನ ದುಡಿದು ಏಳನೆಯ ದಿನ ಸುಮ್ಮನಿದ್ದ ಎನ್ನುತ್ತಾರೆ ನಮ್ಮವರು. ಅಂದ ಮೇಲೆ ಅವನು ಸುಮ್ಮನಿರುವಾಗ ಜೊತೆಗೆ ಒಬ್ಬ ಸುಮ್ಮನೆ ಕೂತರೆ ಅವನು ಬೇಡ ಎನ್ನುತ್ತಾನೆಯೇ? ಇದು ಶಾಸ್ತ್ರ ಹೌದೋ ಅಲ್ಲವೋ ನನಗೆ ತಿಳಿಯದು. ಮುಂಬಯಿಯವರು ಕೇಳಿದರೆ ನಗಬಹುದು.

ಆ ಒಂದು ಸಾಲಿನ ವಿಷಯವೂ ಹೇಳುತ್ತೇನೆ. ಅದರ ಮೊದಲ ಮಾತು 'ಕೇಳು' ಎಂದು. ಚಿಕ್ಕಂದಿನಿಂದ ಕಣ್ಣಿಗೆ ಕೈ ಮುಚ್ಚಿಕೊಂಡು ಹೇಳಿದ್ದೇನೆ, ದೇವರೇ ಕೇಳು ಎಂದು ನಾನು ಅವನನ್ನು ಕರೆಯುತ್ತಿದ್ದೇನೆ ಅಂದುಕೊಂಡಿದ್ದೆ. ಕೇಳು ಎಂದು ಹೇಳಿಸಿಕೊಳ್ಳುತ್ತಿರುವವನು ನಾನು ಎಂದು ರಿಬ್ಕಾ ತಿದ್ದಿದಳು. ನಮ್ಮ ಮತದಲ್ಲಿ ಬಾಯಿಗಿಂತ ಮುಂಚೆ ಕಿವಿಗೆ ಕೆಲಸ. ನಿನ್ನ ಕಿವಿಗೆ ಹಾಸನದ ಡಾಕ್ಟರು ಏನೂ ಹೇಳಿಲ್ಲವಷ್ಟೇ.

ಹದಿನೆಂಟನೆಯ ತಾರೀಖು ಶುಕ್ರವಾರ. ಮರುದಿನಕ್ಕೆ ಒಂದು ರಜ ಗಿಟ್ಟಿಸಿಕೊಂಡಿದ್ದೇನೆ. ಮಧ್ಯಾಹ್ನದ ಬಸ್ಸಿಗೆ ಇಲ್ಲಿಗೇ ಬಂದುಬಿಡು, ನೀನು ಜೊತೆಗಿದ್ದರೆ ಈ ಮನೆಯಲ್ಲೂ ಕೂರಬಲ್ಲೆ. ನನ್ನ ಮನೆಯಲ್ಲಿ ಉಣ್ಣು ಎಂದು ನಿನ್ನನ್ನು ಧರ್ಮಸಂಕಟಕ್ಕೆ ಹಾಕುವುದಿಲ್ಲ. ಶುಕ್ರವಾರ ಮಾಡಿದ್ದು ಶನಿವಾರಕ್ಕೆ ನಿನಗೆ ತಂಗಳು, ಅದೂ ನನಗೆ ಗೊತ್ತು. ಅವಲಕ್ಕಿ, ಬೆಲ್ಲ, ಕೊಬ್ಬರಿ, ಬಾಳೆಹಣ್ಣು ಇಟ್ಟಿರುತ್ತೇನೆ, ಒಲೆಯ ಹಂಗಿಲ್ಲ. ಸ್ಲೇಟು ಮಾತ್ರ ಬೇಲೂರಿನಲ್ಲೇ ಬಿಟ್ಟು ಬಾ. ಆ ದಿನ ಬರೆಯುವಂತಿಲ್ಲ.

ಸಾಕ್ಷಿಯ ಕಾಗದ ಕೊಡು ಎಂದು ಕರೆಯುತ್ತಿಲ್ಲ. ಅದು ಮುಗಿದ ಮಾತು.

ನಿನ್ನ,
ಹಾಯಂ


ಬೇಲೂರು
೨೪ ಸೆಪ್ಟೆಂಬರ್ ೧೯೫೯

ಅರಸೀಕೆರೆಯ ಸ್ಟೇಷನ್ ಮಾಸ್ತರರಾದ ಶ್ರೀಮಾನ್ ಮರುಳಪ್ಪನವರ ಸನ್ನಿಧಿಗೆ,

ತಮ್ಮ ಕಚೇರಿಯಲ್ಲಿ ಈ ಹಿಂದೆ ಬುಕಿಂಗ್ ಗುಮಾಸ್ತನಾಗಿದ್ದ, ಈಗ ಬೇಲೂರು ಶ್ರೀ ಕೇಶವಸ್ವಾಮಿಯ ದೇವಸ್ಥಾನದ ಪಾರಾಯಣ ಸೇವೆಗೆ ಸೇರಿದ ಭಾಷ್ಯಂ ಬರೆದುಕೊಡುವ ಸಾಕ್ಷಿ.

ಶ್ರೀ ಹಾಯಂ ಪೇಣ್ಕರ್ ಅವರು ಶನಿವಾರ ಇಡೀ ದಿನ ಪ್ರಾರ್ಥನೆಯಲ್ಲಿರುತ್ತಾರೆ ಎಂದು ಬರೆದುಕೊಡುವಂತೆ ಜೂನ್ ತಿಂಗಳಲ್ಲಿ ಅವರು ನನ್ನನ್ನು ಕೇಳಿದ್ದರು. ನಾನು ಹಾಗೆ ಬರೆಯುವುದಿಲ್ಲ. ಶನಿವಾರ ಅವರು ಏನೂ ಮಾಡುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸಲ ಮರದ ಹಿಂದೆ ನಿಂತು ನೋಡಿ ತಪ್ಪು ತಿಳಿದೆ. ಈ ಸಲ ಪಕ್ಕದಲ್ಲಿ ಕೂತು ನೋಡಿದೆ.

ಈ ತಿಂಗಳ ಹದಿನೆಂಟರಂದು ಹೊತ್ತು ಮುಳುಗುವ ಮುಂಚೆ ಅವರು ಸ್ನಾನ ಮಾಡಿ, ಬಿಳಿಯ ಬಟ್ಟೆ ಉಟ್ಟು, ಗಾಜಿನ ಲೋಟದಲ್ಲಿ ದೀಪ ಹಚ್ಚಿದರು. ತಲೆಗೆ ಟೋಪಿ ಹಾಕಿ, ಕಣ್ಣಿಗೆ ಕೈ ಮುಚ್ಚಿಕೊಂಡು ಒಂದೇ ಒಂದು ಸಾಲು ಹೇಳಿದರು. ಆಮೇಲೆ ಕೂತರು. ಮರುದಿನ ಬೆಳಗ್ಗೆ ಮತ್ತೆ ಅದೇ ಸಾಲು ಹೇಳಿ, ಹಿತ್ತಲಿನ ಬೇವಿನ ಮರದ ಕೆಳಗೆ ಕೂತರು. ವ್ಯಾಪಾರಿಯೊಬ್ಬರು ಕೊಬ್ಬರಿ ವ್ಯಾಗನ್ನಿನ ವಿಷಯ ಕೇಳಿಕೊಂಡು ಬಂದರು. ಸಂಜೆ ನಕ್ಷತ್ರ ಕಂಡ ಮೇಲೆ ಬನ್ನಿ ಎಂದು ಪೇಣ್ಕರ್ ಅವರು ಹೇಳಿದರು. ಬಂದವರು ಒಂದು ರೂಪಾಯಿ ಮುಂದೆ ಇಟ್ಟರು. ಅದು ಇಟ್ಟಲ್ಲೇ ಇತ್ತು, ಕೊನೆಗೆ ಇಟ್ಟವರೇ ತೆಗೆದುಕೊಂಡು ಹೋದರು.

ಇನ್ನೊಂದು ಸಂಗತಿ ತಮಗೆ ಮುಖ್ಯವೆಂದು ಕಾಣಬಹುದು. ಆ ದಿನ ಬೆಂಗಳೂರಿನ ಗಾಡಿ ತಡವಾಗಿ ಬಂತು. ಅದರ ಕೂಗು ನಮ್ಮಿಬ್ಬರಿಗೂ ಕೇಳಿಸಿತು. ಅವರು ಎಷ್ಟು ತಡ ಎಂದು ಗಡಿಯಾರ ನೋಡಲಿಲ್ಲ. ನಾನು ನೌಕರಿ ಬಿಟ್ಟವನು, ನಾನು ನೋಡಿದೆ. ರೈಲ್ವೆಯಲ್ಲಿ ತಲೆ ನರೆತ ಮನುಷ್ಯ ಗಾಡಿ ತಡವಾದಾಗ ಗಡಿಯಾರ ನೋಡದೆ ಕೂರಬೇಕಾದರೆ ಒಳಗೆ ಎಂಥ ಹಿಡಿತ ಬೇಕೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಇದು ಸೋಮಾರಿತನವಲ್ಲವೇ ಎಂದು ತಾವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ. ಸೋಮಾರಿಗೆ ಮಾಡದೆ ಬಿಟ್ಟ ಕೆಲಸದ ಅಳುಕು ಇರುತ್ತದೆ, ಯಾರಾದರೂ ಬಂದರೆ ಬೆಚ್ಚುತ್ತಾನೆ. ಇವರಲ್ಲಿ ಅದನ್ನು ಕಾಣಲಿಲ್ಲ. ನನಗೆ ಈಗ ಗಂಟಲಿಲ್ಲ. ಐದು ತಿಂಗಳಿಂದ ನನ್ನನ್ನು ನೋಡಿದವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ಆ ಮರದ ಕೆಳಗೆ ಮಧ್ಯಾಹ್ನದ ಹೊತ್ತಿಗೆ ನನಗೆ ಗಂಟಲಿಲ್ಲವೆಂಬುದೇ ಮರೆತುಹೋಗಿತ್ತು. ಊರಿಗೆ ಬಂದ ಮೇಲೆ ದೇವಸ್ಥಾನಕ್ಕೆ ಹೋಗಿ, ಪಾರಾಯಣದ ಸಾಲಿನ ಕೊನೆಯಲ್ಲಿ ಬಾಯಿ ಮುಚ್ಚಿ ನಿಂತೆ. ಬಾಯಿಪಾಠವಾಗಿದ್ದ ಮಾತುಗಳೇ, ಅಂದು ಮೊದಲ ಸಲ ನನಗೆ ಕೇಳಿಸಿದವು. ಇದು ಇಲಾಖೆಗೆ ಸಂಬಂಧಿಸಿದ್ದಲ್ಲ. ಆದರೆ ಸಾಕ್ಷಿ ಹೇಳುವವನು ಕಂಡದ್ದನ್ನು ಪೂರ್ತಿ ಹೇಳಬೇಕು.

ಅವರ ಮತದ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ವ್ರತ ಹಿಡಿದವರನ್ನು ನೋಡಿದ ಅನುಭವದಿಂದ ಹೇಳುತ್ತೇನೆ, ಇದು ವ್ರತ. ಅವರ ಶನಿವಾರವನ್ನು ಅವರಿಗೆ ಬಿಟ್ಟುಕೊಡಬೇಕೆಂದು ಬೇಡುತ್ತೇನೆ.

ಇತಿ ವಿನಯಪೂರ್ವಕ,
ಭಾಷ್ಯಂ


ಅರಸೀಕೆರೆ
೧೬ ಅಕ್ಟೋಬರ್ ೧೯೫೯, ಶುಕ್ರವಾರ

ಪ್ರಿಯ ಭಾಷ್ಯಂ,

ಅವಸರದಲ್ಲಿ ಬರೆಯುತ್ತಿದ್ದೇನೆ, ಹೊತ್ತು ಇಳಿಯುತ್ತಿದೆ.

ದಸರೆಯ ಗದ್ದಲ ಮುಗಿಯಲಿ ಎಂದು ಮರುಳಪ್ಪನವರು ನಿನ್ನ ಕಾಗದವನ್ನು ಮೇಜಿನೊಳಗೆ ಇಟ್ಟಿದ್ದರಂತೆ. ಇವತ್ತು ಬೆಳಗ್ಗೆ ಕರೆಸಿ ನನ್ನ ಎದುರಿಗೇ ಇನ್ನೊಂದು ಸಲ ಓದಿದರು. "ಏನ್ರೀ ಪೇಣ್ಕರ್, ಏನೂ ಮಾಡಲ್ಲ ಅಂತ ಸಾಕ್ಷಿ ಬರೆಸ್ಕೊಂಡು ಬಂದಿದೀರಿ. ನನ್ನ ಸರ್ವೀಸಿನಾಗೆ ರಜಕ್ಕೆ ಅಂತ ಬದುಕಿರೋ ಅಜ್ಜೀನ ಸಾಯಿಸ್ದೋರ್ನ ನೋಡಿವ್ನಿ, ಇಂಥಾ ಕಾಗ್ದ ನೋಡಿಲ್ಲ" ಎಂದರು. ಆಮೇಲೆ ಚಾರ್ಟು ತೆಗೆದು ಶನಿವಾರದ ಮುಂದೆ ತಮ್ಮ ಕೈಯಿಂದಲೇ ಇಂದುಧರನ ಹೆಸರು ಬರೆದರು. ಹೊರಗೆ ಬರುವಾಗ, "ಅಲ್ರೀ, ಗಡಿಯಾರ ನಿಜವಾಗ್ಲೂ ನೋಡ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ನಂಬಿದರೋ ಇಲ್ಲವೋ ಕಾಣೆ.

ನೀನು ಬರೆದ ಕಾಗದವನ್ನು ನನಗೆ ಓದಲು ಕೊಟ್ಟರು. ಓದಿ ಗೋಡೌನಿನ ಹಿಂದೆ ಹೋಗಿ ಅತ್ತೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ದೀಪಾವಳಿಗೆ ನೀನು ಮತ್ತೆ ಹಾಸನದ ಡಾಕ್ಟರ ಹತ್ತಿರ ಹೋಗಬೇಕಲ್ಲ, ಆ ಯೋಚನೆ ನನ್ನನ್ನು ಬಿಟ್ಟಿಲ್ಲ. ಶಬ್ಬಾತಿನ ದಿನ, ಅಂದರೆ ನಮ್ಮ ಈ ಶನಿವಾರ, ದೇವರನ್ನು ಏನನ್ನೂ ಬೇಡಬಾರದು ಎಂದು ರಿಬ್ಕಾ ಹೇಳುತ್ತಿದ್ದಳು. ಅವನಿಗೂ ಅದು ವಿಶ್ರಾಂತಿಯ ದಿನ, ನಮ್ಮ ಅರ್ಜಿಗಳನ್ನು ಹಿಡಿದು ಹೋಗಿ ತೊಂದರೆ ಕೊಡಬಾರದು. ನಾಳೆ ಇಡೀ ದಿನ ನಾನು ಬೇಡಲು ಬಾಯಿ ಬಿಡುವಂತಿಲ್ಲ. ಅದಕ್ಕೇ ಈಗ ಎಣ್ಣೆ ಹಾಕಿ ಬತ್ತಿ ಇಟ್ಟು, ದೀಪ ಹಚ್ಚುವ ಮುಂಚೆಯೇ ನಿನ್ನ ಗಂಟಲಿನ ವಿಷಯ ಹೇಳಿಕೊಂಡುಬಿಟ್ಟೆ.

ಹಾಯಂ